ಎರಡು ಪ್ಯಾನೆಲ್ ಇದ್ದರೆ ಅಪ್‌ಲೋಡ್ ಡಬಲ್ ಆಗುತ್ತಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇವೆ: 5ಜಿ ಫೋನು, ಅದರೊಳಗಿನ ಆಂಟೆನಾ ಪ್ಯಾನೆಲ್, ಅಪ್‌ಲೋಡ್. ಸೋಲಾರ್ ಹೀಟರ್ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ. ಇವತ್ತು ಪೂರ್ತಿ ಇದೇ.

ಪ್ರಶ್ನೆ: ನನ್ನದು ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊ. 5ಜಿಯಲ್ಲಿ ಡೌನ್‌ಲೋಡ್ ಸ್ಪೀಡು ನೂರಾರು ತೋರಿಸುತ್ತದೆ, ಅಪ್‌ಲೋಡ್ ಮಾತ್ರ ಅದರ ಹತ್ತನೇ ಒಂದು ಭಾಗವೂ ಬರೋಲ್ಲ. ದುಡ್ಡು ಒಂದೇ ಕೊಡ್ತೀವಿ, ಯಾಕೆ ಈ ತಾರತಮ್ಯ? — ಸ್ಟುಡಿಯೊ ಮಾಲೀಕರು, ಶಿವಮೊಗ್ಗ

ಎರಡು ಕಾರಣ. ಮೊದಲನೆಯದು ಸಮಯ. 3.5 ಗಿಗಾಹರ್ಟ್ಸ್ ಸುತ್ತಮುತ್ತಲಿನ 5ಜಿಯಲ್ಲಿ ಬರುವುದಕ್ಕೂ ಹೋಗುವುದಕ್ಕೂ ಒಂದೇ ತರಂಗಾಂತರ, ಸಮಯ ಹಂಚಿಕೊಂಡು ನಡೆಯುತ್ತದೆ. ತುಂಬಾ ಕಡೆ ಬಳಸುವ ಒಂದು ಮಾದರಿಯಲ್ಲಿ ಐದು ಸ್ಲಾಟ್‌ಗೆ (ಸ್ಲಾಟ್ ಅಂದರೆ ಸಮಯದ ಪುಟ್ಟ ತುಂಡು) ಮೂರು ಪೂರ್ತಿ ಡೌನ್‌ಲೋಡ್‌ಗೆ, ಒಂದು ಎರಡರ ನಡುವಿನ ದಾಟುವಿಕೆಗೆ, ಕೊನೆಗೆ ಒಂದೇ ಒಂದು ಅಪ್‌ಲೋಡ್‌ಗೆ. ಜನ ನೋಡುವುದು ಜಾಸ್ತಿ, ಕಳಿಸುವುದು ಕಮ್ಮಿ ಅಂತ ಲೆಕ್ಕ ಹಾಕಿ ಮಾಡಿದ ಹಂಚಿಕೆ ಇದು. ನಿಮ್ಮಂಥವರಿಗೆ ಅನ್ಯಾಯವೇ.

ಎರಡನೆಯದು ಶಕ್ತಿ. ಟವರಿನ ಮೇಲಿನ ದೊಡ್ಡ ಆಂಟೆನಾ ಪೆಟ್ಟಿಗೆ 200 ವ್ಯಾಟ್‌ವರೆಗೆ, ಕೆಲವು ಅದಕ್ಕೂ ಜಾಸ್ತಿ ಸೂಸುತ್ತವೆ. ನಿಮ್ಮ ಫೋನಿಗೆ ಸಾಮಾನ್ಯವಾಗಿ ಇರುವ ಮಿತಿ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್. ಸಾವಿರ ಪಟ್ಟು ವ್ಯತ್ಯಾಸ. ಟವರು ಹೇಳಿದ್ದು ಫೋನಿಗೆ ಆರಾಮಾಗಿ ಕೇಳುತ್ತದೆ, ಫೋನು ಹೇಳಿದ್ದನ್ನು ಹಿಡಿಯೋಕೆ ಟವರು ಒದ್ದಾಡಬೇಕು. ಕೆಳಗಿನ ಪ್ರಶ್ನೆಗಳಲ್ಲಿ ಪದೇಪದೇ ಬರುವುದು ಈ 200 ಮಿಲಿವ್ಯಾಟ್‌ನ ಕಥೆಯೇ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಕೊನೆಯ ವರ್ಷ. ನಮ್ಮ ಗೈಡ್ "ಮಲ್ಟಿ ಪ್ಯಾನೆಲ್ ಅಪ್‌ಲಿಂಕ್ ಶೆಡ್ಯೂಲಿಂಗ್" ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಮೊದಲು ಪ್ಯಾನೆಲ್ ಅಂದರೇನು? ಫೋನಿನಲ್ಲಿ ಆಂಟೆನಾ ಇದ್ದೇ ಇದೆಯಲ್ಲ? — ವಿದ್ಯಾರ್ಥಿನಿ, ದಾವಣಗೆರೆ

ಇದೆ, ಆದರೆ ಅದು ಬೇರೆ ಥರದ್ದು. 3.5 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಎಂಟೂವರೆ ಸೆಂಟಿಮೀಟರ್ ಆಸುಪಾಸು. ಆ ಆಂಟೆನಾ ಫೋನಿನ ಅಂಚಿನ ಲೋಹದ ಪಟ್ಟಿಯಲ್ಲೇ ಅಡಗಿರುತ್ತದೆ, ಸುತ್ತಲೂ ಸೂಸುತ್ತದೆ, ಯಾವ ದಿಕ್ಕು ಅಂತ ತಲೆ ಕೆಡಿಸಿಕೊಳ್ಳುವುದಿಲ್ಲ. 26 ಗಿಗಾಹರ್ಟ್ಸ್‌ಗೆ ಹೋದರೆ ಅಲೆಯ ಉದ್ದ ಹನ್ನೊಂದೂವರೆ ಮಿಲಿಮೀಟರ್‌ಗೆ ಇಳಿಯುತ್ತದೆ. ಅಷ್ಟು ಪುಟ್ಟ ಅಲೆಗೆ ಆಂಟೆನಾನೂ ಪುಟ್ಟದು, ಅದು ಹಿಡಿಯುವ ಶಕ್ತಿಯೂ ಕಮ್ಮಿ. ಹಾಗಾಗಿ ನಾಲ್ಕೋ ಎಂಟೋ ಪುಟ್ಟ ಆಂಟೆನಾಗಳನ್ನು ಸುಮಾರು ಆರು ಮಿಲಿಮೀಟರ್ ಅಂತರದಲ್ಲಿ ಸಾಲಾಗಿ ಕೂರಿಸುತ್ತಾರೆ. ಎಲ್ಲವೂ ಒಂದೇ ಸಂಕೇತವನ್ನು ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಮಾಡಿ ಕಳಿಸಿದರೆ ಅದು ಒಂದು ಕಡೆಗೆ ಕೇಂದ್ರೀಕರಿಸಿ ಹೋಗುತ್ತದೆ. ಅದೇ ಬೀಮ್. ಆ ಸಾಲು, ಜೊತೆಗಿನ ಆಂಪ್ಲಿಫೈಯರ್, ಸಂಕೇತವನ್ನು ಹೀಗೆ ಹಿಂದೆ ಮುಂದೆ ಮಾಡುವ ಸರ್ಕ್ಯೂಟ್, ಎಲ್ಲ ಸೇರಿದ ಆ ಬೆರಳುದ್ದದ ತುಂಡೇ ಪ್ಯಾನೆಲ್.

ಒಂದು ಪ್ಯಾನೆಲ್ ತನ್ನ ಮುಂದಿನ ಅರ್ಧ ಜಗತ್ತನ್ನೂ ಸರಿಯಾಗಿ ನೋಡಲಾರದು, ಬೆನ್ನ ಹಿಂದಂತೂ ಕುರುಡು. ಅದಕ್ಕೇ ಫೋನಿನ ಬೇರೆ ಬೇರೆ ಅಂಚಿಗೆ ಎರಡು, ಮೂರು ಹಾಕುವುದು. 2018ರ ಜುಲೈನಲ್ಲಿ ಕ್ವಾಲ್ಕಾಮ್ ಕಂಪನಿ ಮೊಬೈಲಿಗಾಗಿ ತನ್ನ ಮೊದಲ ಮಿಲಿಮೀಟರ್ ಅಲೆಯ (26 ಗಿಗಾಹರ್ಟ್ಸ್‌ನಂಥ ಪುಟ್ಟ ಅಲೆಯ) ಮಾಡ್ಯೂಲ್, ಅಂದರೆ ಇಂಥ ಪ್ಯಾನೆಲ್ ತೋರಿಸಿದಾಗ ಒಂದು ಫೋನಿನಲ್ಲಿ ನಾಲ್ಕರವರೆಗೆ ಕೂರಿಸಬಹುದು ಅಂತ ಹೇಳಿತ್ತು. ನಾಲ್ಕು ಯಾಕೆ? ನೀವು ಫೋನು ಹಿಡಿಯುವ ರೀತಿಯನ್ನು ಗಮನಿಸಿ. ಅಡ್ಡ ಹಿಡಿದು ಕ್ರಿಕೆಟ್ ನೋಡುವಾಗ ಎರಡೂ ಕೈಯ ಹೆಬ್ಬೆರಳು ಮೇಲಿನ, ಕೆಳಗಿನ ಅಂಚನ್ನು ಮುಚ್ಚುತ್ತವೆ. ನೆಟ್ಟಗೆ ಹಿಡಿದರೆ ಅಂಗೈ ಪಕ್ಕದ ಅಂಚನ್ನು ನುಂಗುತ್ತದೆ. ಕೈ ಅಡ್ಡ ಬಂದರೆ ಈ ಅಲೆಗಳಲ್ಲಿ 20 ಡೆಸಿಬಲ್ ನಷ್ಟ ಆಗುವುದು ಅಪರೂಪವೇನಲ್ಲ. ಅಂದರೆ ನೂರರಲ್ಲಿ ಒಂದು ಪಾಲು ಉಳಿಯಿತು ಅಂತ. 200 ಮಿಲಿವ್ಯಾಟ್‌ನಲ್ಲಿ ನೂರನೇ ಒಂದು ಪಾಲು ಇಟ್ಟುಕೊಂಡು ಟವರ್ ಮುಟ್ಟಬೇಕು ಅಂದರೆ ಯಾರಿಗಾದರೂ ಕಷ್ಟವೇ. ಇನ್ನೊಂದು ಅಂಚಿನ ಪ್ಯಾನೆಲ್ ಖಾಲಿ ಇದ್ದರೆ ಅಲ್ಲಿಂದ ಕಳಿಸುವುದು ಜಾಣತನ. ಈ "ಅಲ್ಲಿಂದ ಕಳಿಸು, ಇಲ್ಲಿಂದ ಬೇಡ, ಈಗ ಎರಡರಿಂದಲೂ ಕಳಿಸು" ಅನ್ನುವುದೇ ನಿಮ್ಮ ಪ್ರಾಜೆಕ್ಟ್.

ಪ್ರಶ್ನೆ: ಹಾಗಾದರೆ ಯಾವ ಪ್ಯಾನೆಲ್‌ನಿಂದ ಕಳಿಸಬೇಕು ಅಂತ ತೀರ್ಮಾನ ಮಾಡುವವರು ಯಾರು? ಫೋನೋ, ಟವರೋ? — ನಿವೃತ್ತ ಶಿಕ್ಷಕರು, ಮೈಸೂರು

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಟವರು. ಆದರೆ ಫೋನು ಹೇಳಿದ್ದನ್ನು ಕೇಳಿಸಿಕೊಂಡು.

4ಜಿ, 5ಜಿಯಲ್ಲಿ ಫೋನು ಸಾಮಾನ್ಯವಾಗಿ ತನ್ನಿಷ್ಟಕ್ಕೆ ತಾನು ಡೇಟಾ ಕಳಿಸುವ ಹಾಗಿಲ್ಲ. ನೀವು ವಾಟ್ಸಾಪ್‌ನಲ್ಲಿ ಮೊಮ್ಮಗಳ ಫೋಟೊ ಕಳಿಸಿದಿರಿ ಅಂದುಕೊಳ್ಳಿ. ಫೋನು ಮೊದಲು ಒಂದು ಚಿಕ್ಕ ಸಂಕೇತ ಕಳಿಸುತ್ತದೆ, "ನನ್ನ ಹತ್ರ ಏನೋ ಇದೆ" ಅನ್ನುವಷ್ಟೇ ಅದರ ಅರ್ಥ. ಟವರು ಸ್ವಲ್ಪ ಜಾಗ ಕೊಡುತ್ತದೆ. ಅದರಲ್ಲಿ ಫೋನು ಎಷ್ಟು ಬೈಟ್ ಕಾಯುತ್ತಿದೆ ಅಂತ ವರದಿ ಒಪ್ಪಿಸುತ್ತದೆ. ಆಮೇಲೆ ನಿಜವಾದ ಅಪ್ಪಣೆ ಬರುತ್ತದೆ. ರೇಷನ್ ಅಂಗಡಿಯ ಟೋಕನ್ ಥರ: ಇಷ್ಟು ಹೊತ್ತಿಗೆ, ಈ ಸಾಲಿನಲ್ಲಿ, ಇಷ್ಟೇ. ಈ ಅಪ್ಪಣೆ ಚೀಟಿಗೆ ಡಿಸಿಐ ಅಂತ ಹೆಸರು. ಯಾವ ತರಂಗಾಂತರದ ತುಂಡು, ಯಾವ ಗಳಿಗೆ, ಎಷ್ಟು ದಟ್ಟವಾಗಿ ಡೇಟಾ ತುಂಬಬೇಕು, ಶಕ್ತಿ ಏರಿಸಬೇಕಾ ಇಳಿಸಬೇಕಾ, ಎಲ್ಲ ಅದರಲ್ಲೇ ಬರೆದಿರುತ್ತದೆ. ಟವರಿನ ಕಡೆ ಇದನ್ನು ಲೆಕ್ಕ ಹಾಕಿ ಹಂಚುವ ಸಾಫ್ಟ್‌ವೇರಿಗೆ ಶೆಡ್ಯೂಲರ್ ಅನ್ನುತ್ತಾರೆ. ಮಿಲಿಮೀಟರ್ ಅಲೆಯ 5ಜಿಯಲ್ಲಿ ಸಾಮಾನ್ಯವಾಗಿ ಒಂದು ಸ್ಲಾಟ್ 0.125 ಮಿಲಿಸೆಕೆಂಡ್. ಆ ವೇಗಕ್ಕೆ ತಕ್ಕಂತೆ, ಆ ಜಾಗದಲ್ಲಿರುವ ಎಲ್ಲ ಫೋನುಗಳಿಗೂ ಅದು ಲೆಕ್ಕ ಹಾಕುತ್ತಲೇ ಇರಬೇಕು.

ಈಗ ಪ್ಯಾನೆಲ್ ವಿಷಯ. ನಿಮ್ಮ ಫೋನಿನಲ್ಲಿ ಪ್ಯಾನೆಲ್ ಎಲ್ಲಿದೆ, ಎಡಕ್ಕಾ ಬಲಕ್ಕಾ, ಟವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. 5ಜಿಯ ನಿಯಮ ಬರೆಯುವ 3ಜಿಪಿಪಿ ಸಂಘಟನೆಯವರು ಈ ವಿಷಯದಲ್ಲಿ ಜಾಣರು. ಫೋನು ಹೇಗೆ ಕಟ್ಟಬೇಕು ಅನ್ನೋದು ಕಂಪನಿಯವರ ಇಷ್ಟ ಅಂತ ಬಿಟ್ಟು, ನಿಯಮದಲ್ಲಿ ಪ್ಯಾನೆಲ್‌ಗೆ ಬದಲು ಅದು ಕಳಿಸುವ ಪರೀಕ್ಷಾ ಸಂಕೇತಗಳ ಗುಂಪನ್ನು ಹಿಡಿದುಕೊಂಡರು. ಈ ಪರೀಕ್ಷಾ ಸಂಕೇತಕ್ಕೆ ಎಸ್‌ಆರ್‌ಎಸ್ ಅಂತ ಹೆಸರು. ಫೋನು ಒಂದನೇ ಗುಂಪಿನ ಸಂಕೇತ ಕಳಿಸುತ್ತದೆ, ಎರಡನೇ ಗುಂಪಿನದ್ದು ಕಳಿಸುತ್ತದೆ, ಟವರು ಎರಡನ್ನೂ ಅಳೆದು ಯಾವುದು ಚೆನ್ನಾಗಿ ಕೇಳಿಸಿತು ಅಂತ ನೋಡಿಕೊಳ್ಳುತ್ತದೆ. ಒಂದನೇ ಗುಂಪಿನ ಹಿಂದೆ ಯಾವ ತುಂಡು ಇದೆ ಅನ್ನುವುದು ಫೋನಿನ ಗುಟ್ಟು.

ಆಮೇಲೆ ಅಪ್ಪಣೆ ಚೀಟಿಯಲ್ಲಿ ಎರಡೇ ಎರಡು ಬಿಟ್ ಸೇರಿಸುತ್ತಾರೆ. 00 ಅಂದರೆ ಒಂದನೇ ಗುಂಪು. 01 ಅಂದರೆ ಎರಡನೇದು. 10 ಅಂದರೆ ಎರಡೂ, ಮೊದಲು ಒಂದನೇದು ಆಮೇಲೆ ಎರಡನೇದು. 11 ಅಂದರೆ ಎರಡೂ, ಆದರೆ ಸರದಿ ತಿರುಗುಮುರುಗು. ಇದು 3ಜಿಪಿಪಿ ನಿಯಮಗಳ, 2022ರಲ್ಲಿ ಮುಗಿದ 17ನೇ ಆವೃತ್ತಿಯ (ರಿಲೀಸ್) ಏರ್ಪಾಡು. ಇಷ್ಟೆಲ್ಲ ಆಂಟೆನಾ, ಬೀಮ್, ಗಣಿತ ಎಲ್ಲ ಸೇರಿ ಕೊನೆಗೆ ಎರಡು ಬಿಟ್‌ನಲ್ಲಿ ಮುಗಿಯುತ್ತದೆ ಅನ್ನೋದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಪ್ರಶ್ನೆ: ಟವರಿಗೆ ಫೋನಿನ ಪರಿಸ್ಥಿತಿ ಏನು ಗೊತ್ತು? ನಾನು ಕೈ ಅಡ್ಡ ಇಟ್ಟಿದ್ದು ಫೋನಿಗೆ ತಾನೆ ಗೊತ್ತಾಗೋದು? ತೀರ್ಮಾನ ಫೋನಿಗೇ ಬಿಟ್ಟರೆ ಆಗೋಲ್ವಾ? — ಓದುಗರು, ಹಾಸನ

ನ್ಯಾಯವಾದ ತಕರಾರು. ಈ ತಕರಾರು ನಿಯಮ ಬರೆಯುವವರ ನಡುವೆಯೂ ಬಹಳ ದಿನ ನಡೆಯಿತು.

ಫೋನು ತಾನೇ ಪ್ಯಾನೆಲ್ ಬದಲಿಸಿಬಿಟ್ಟರೆ ಏನಾಗುತ್ತದೆ ನೋಡಿ. ಟವರು ಅಳೆದಿದ್ದು ಹಳೆಯ ಪ್ಯಾನೆಲ್‌ನ ದಾರಿಯನ್ನು. ಅದನ್ನು ನಂಬಿ "ಇಷ್ಟು ದಟ್ಟವಾಗಿ ತುಂಬು, ಈ ಕಡೆಗೆ ನಾನು ಕಿವಿ ಕೊಡುತ್ತೇನೆ" ಅಂತ ಚೀಟಿ ಕೊಟ್ಟಿದೆ. ಫೋನು ಬೇರೆ ಪ್ಯಾನೆಲ್‌ನಿಂದ ಕಳಿಸಿದರೆ ಟವರು ಕಿವಿ ಕೊಟ್ಟ ಕಡೆ ಏನೂ ಬರದೆ ಇರಬಹುದು. ಬಂದರೂ ಬಿಡಿಸಲಾಗದಷ್ಟು ಸಪ್ಪೆ. ಮತ್ತೆ ಕಳಿಸು, ಮತ್ತೆ ಕಳಿಸು ಅಂತ ಸ್ಲಾಟ್‌ಗಳು ದಂಡ. ಅದೂ ಅಲ್ಲದೆ ಆ ಪ್ಯಾನೆಲ್‌ನಲ್ಲಿ ಎರಡು ಹಾದಿ ಇದ್ದು ಈ ಪ್ಯಾನೆಲ್‌ನಲ್ಲಿ ಒಂದೇ ಇದ್ದರೆ, ಎರಡು ಪದರದ ಡೇಟಾ (ಒಂದೇ ಗಳಿಗೆಯಲ್ಲಿ ಹಾದಿಗೊಂದರಂತೆ ಎರಡು ಬೇರೆ ತುಂಡು) ಕಳಿಸು ಅನ್ನುವ ಅಪ್ಪಣೆಯನ್ನು ಪಾಲಿಸೋಕೇ ಆಗೋಲ್ಲ.

ಹಾಗಾಗಿ ರಾಜಿ ಆಯಿತು. 17ನೇ ಆವೃತ್ತಿಯಲ್ಲಿ ಫೋನು ಬೀಮ್ ವರದಿ ಕೊಡುವಾಗ ಜೊತೆಗೆ ಒಂದು ಸಂಖ್ಯೆ ಸೇರಿಸಬಹುದು. ಈ ಬೀಮ್‌ಗೆ ನಾನು ಬಳಸುವ ಪ್ಯಾನೆಲ್‌ಗೆ ಇಷ್ಟು ಹಾದಿಗಳ ತಾಕತ್ತು ಇದೆ ಅಂತ ಆ ಸಂಖ್ಯೆಯ ಅರ್ಥ. ಪ್ಯಾನೆಲ್ ಬದಲಿಸುವ ಮನಸ್ಸಿದ್ದರೆ ಫೋನು ಹೀಗೆ ಮೊದಲೇ ಸುಳಿವು ಕೊಡುತ್ತದೆ, ಟವರು ಒಪ್ಪಿ ಹೊಸ ಬೀಮ್‌ಗೆ ಅಪ್ಪಣೆ ಕೊಡುತ್ತದೆ, ಫೋನು ಸರಿ ಅಂದಮೇಲೆ ಗೊತ್ತುಮಾಡಿದ ಸ್ವಲ್ಪ ಹೊತ್ತು ಬಿಟ್ಟು ಇಬ್ಬರೂ ಒಟ್ಟಿಗೆ ಬದಲಾಗುತ್ತಾರೆ. ಫೋನಿಗೆ ಬಾಯಿ ಇದೆ, ಓಟು ಇಲ್ಲ.

ಇದರಲ್ಲಿ ತಡ ಇದೆ, ನಿಜ. ಬ್ಯಾಟರಿ ಉಳಿಸೋಕೆ ಬಳಸದ ಪ್ಯಾನೆಲ್ ಅನ್ನು ಫೋನು ಮಲಗಿಸಿರುತ್ತದೆ. ಅದು ಎದ್ದು ಸಿದ್ಧವಾಗಲು ಎರಡು ಮಿಲಿಸೆಕೆಂಡ್ ಬೇಕು ಅಂತಿಟ್ಟುಕೊಂಡರೂ ಅಷ್ಟರಲ್ಲಿ 16 ಸ್ಲಾಟ್ ಹೋಗಿಬಿಟ್ಟಿರುತ್ತದೆ. ವಿಡಿಯೊ ಕಾಲ್‌ನಲ್ಲಿ ನಿಮಗೆ ತಿಳಿಯುವುದಿಲ್ಲ. ಫ್ಯಾಕ್ಟರಿಯಲ್ಲಿ ಓಡಾಡುವ ಯಂತ್ರಕ್ಕೆ ತಿಳಿಯುತ್ತದೆ.

ಪ್ರಶ್ನೆ: ಎರಡೂ ಪ್ಯಾನೆಲ್ ಒಟ್ಟಿಗೇ ಕಳಿಸಿದರೆ ಸ್ಪೀಡ್ ಡಬಲ್ ಆಗಬೇಕಲ್ವಾ? 18ನೇ ರಿಲೀಸ್‌ನಲ್ಲಿ ಅದು ಬಂದಿದೆ ಅಂತ ಓದಿದೆ. — ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ಬಂದಿದೆ. 2024ರಲ್ಲಿ ಮುಗಿದ 18ನೇ ಆವೃತ್ತಿಯ ಮುಖ್ಯ ಸೇರ್ಪಡೆಗಳಲ್ಲಿ ಇದೂ ಒಂದು. ಅದಕ್ಕೂ ಮುಂಚೆ ಏನಿತ್ತು ಅನ್ನೋದನ್ನು ಮೊದಲು ಹೇಳುತ್ತೇನೆ, ಇಲ್ಲದಿದ್ದರೆ "ಡಬಲ್" ಯಾಕಲ್ಲ ಅನ್ನೋದು ಅರ್ಥವಾಗೋಲ್ಲ.

17ರಲ್ಲಿ ಎರಡು ಪ್ಯಾನೆಲ್ ಬಳಸಬಹುದಿತ್ತು, ಆದರೆ ಒಂದಾದಮೇಲೆ ಒಂದು. ಅದೇ ಡೇಟಾವನ್ನು ಒಮ್ಮೆ ಈ ಟವರಿನ ಕಡೆಗೆ, ಒಮ್ಮೆ ಆ ಟವರಿನ ಕಡೆಗೆ ಪುನರಾವರ್ತನೆ ಮಾಡುವುದು. ನಾಲ್ಕು ಸಲ ಕಳಿಸುವುದಿದ್ದರೆ 1-2-1-2 ಅಂತ ಹೆಣೆಯಬಹುದು ಅಥವಾ 1-1-2-2 ಅಂತ ಜೋಡಿಸಬಹುದು. ಮೊದಲನೆಯದರಲ್ಲಿ ದಾರಿ ಬೇಗ ಬದಲಾಗುತ್ತದೆ, ಯಾರಾದರೂ ಅಡ್ಡ ಬಂದರೂ ಎರಡನೇ ಸಲಕ್ಕೇ ದಾಟಿಬಿಡುತ್ತದೆ. ಎರಡನೆಯದರಲ್ಲಿ ಬೀಮ್ ಬದಲಿಸುವ ಗಡಿಬಿಡಿ ಕಮ್ಮಿ. ಇದರಿಂದ ಸ್ಪೀಡ್ ಜಾಸ್ತಿ ಆಗಲ್ಲ, ಸಂಪರ್ಕ ಕಡಿಯುವುದು ತಪ್ಪುತ್ತದೆ ಅಷ್ಟೇ. ಅಷ್ಟೇ ಅಂದೆ, ಆದರೆ ನನ್ನ ಪ್ರಕಾರ ಇಡೀ ಮಲ್ಟಿ ಪ್ಯಾನೆಲ್ ವಿಚಾರದಲ್ಲಿ ಕೆಲಸಕ್ಕೆ ಬರುವ ಲಾಭ ಇದೇ.

18ರಲ್ಲಿ ಒಂದೇ ಗಳಿಗೆಯಲ್ಲಿ ಎರಡೂ ಪ್ಯಾನೆಲ್ ಕಳಿಸಬಹುದು. ಒಂದೇ ಚೀಟಿಯಿಂದ ನಡೆಸುವಾಗ ಎರಡು ಬಗೆ. ಒಂದರಲ್ಲಿ ಡೇಟಾದ ಪದರಗಳನ್ನು ಹಂಚುತ್ತಾರೆ, ಈ ಪ್ಯಾನೆಲ್‌ಗೆ ಒಂದೋ ಎರಡೋ, ಆ ಪ್ಯಾನೆಲ್‌ಗೆ ಒಂದೋ ಎರಡೋ, ಒಟ್ಟು ನಾಲ್ಕರವರೆಗೆ. ಇನ್ನೊಂದರಲ್ಲಿ ಎರಡೂ ಪ್ಯಾನೆಲ್ ಅದೇ ಡೇಟಾವನ್ನು ಬೇರೆ ಬೇರೆ ದಿಕ್ಕಿಗೆ ಕಳಿಸುತ್ತವೆ, ಯಾವ ದಾರಿಯಲ್ಲಿ ತಲುಪಿದರೂ ಸರಿ. ಮೊದಲನೆಯದು ವೇಗಕ್ಕೆ, ಎರಡನೆಯದು ಭರವಸೆಗೆ. ಮತ್ತದೇ ಎರಡು ಬಿಟ್ ನೋಡಿಕೊಂಡು ಶೆಡ್ಯೂಲರ್ ಈ ಸ್ಲಾಟ್‌ನಲ್ಲಿ ಒಂದು ಪ್ಯಾನೆಲ್, ಮುಂದಿನ ಸ್ಲಾಟ್‌ನಲ್ಲಿ ಎರಡೂ ಅಂತ ಬದಲಿಸುತ್ತಾ ಹೋಗಬಹುದು.

ಈಗ ನಿಮ್ಮ "ಡಬಲ್". ಫೋನಿನ ಒಟ್ಟು ಶಕ್ತಿಗೆ 200 ಮಿಲಿವ್ಯಾಟ್ ಮಿತಿ ಇದ್ದರೆ, ಎರಡು ಪ್ಯಾನೆಲ್ ಒಟ್ಟಿಗೆ ಓಡಿಸಿದಾಗ ತಲಾ 100. ಒಂದೊಂದು ದಾರಿಯಲ್ಲೂ 3 ಡೆಸಿಬಲ್ ಕಮ್ಮಿ. ನೀವು ಟವರಿನ ಎದುರಿಗೇ ನಿಂತಿದ್ದು ಸಂಕೇತ ಧಾರಾಳವಾಗಿದ್ದರೆ ಆ ಮೂರು ಡೆಸಿಬಲ್ ಹೋದರೂ ಲಾಭವೇ, ಎರಡು ದಾರಿಯ ಡೇಟಾ ಸೇರಿ ಒಳ್ಳೆ ವೇಗ ಸಿಗುತ್ತದೆ, ಪೂರ್ತಿ ಡಬಲ್ ಅಲ್ಲದಿದ್ದರೂ. ದೂರದಲ್ಲಿದ್ದರೆ? ಮೊದಲೇ ಏದುಸಿರು ಬಿಡುತ್ತಿರುವ ಸಂಕೇತವನ್ನು ಅರ್ಧ ಮಾಡಿ ಎರಡು ಕಡೆ ಎಸೆದರೆ ಎರಡೂ ಕಡೆ ತಲುಪುವುದಿಲ್ಲ. ಆಗ ಒಳ್ಳೆಯ ಒಂದೇ ಪ್ಯಾನೆಲ್‌ಗೆ ಪೂರ್ತಿ ಶಕ್ತಿ ಕೊಡುವುದೇ ಸರಿ. ಅಂದರೆ ಎಲ್ಲರಿಗಿಂತ ಜಾಸ್ತಿ ವೇಗ ಬೇಕಾದವರು ಸೆಲ್ಲಿನ, ಅಂದರೆ ಟವರಿನ ವ್ಯಾಪ್ತಿಯ ಅಂಚಿನವರು, ಇದು ಉಪಯೋಗಕ್ಕೆ ಬರುವುದು ಟವರಿನ ಪಕ್ಕದವರಿಗೆ. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳೋಲ್ಲ ಬಿಡಿ.

ಇನ್ನೊಂದು ತೊಡಕಿದೆ, ಸಾಫ್ಟ್‌ವೇರಿನವರು ಅಂದಿರಲ್ಲ, ನಿಮಗೆ ಇಷ್ಟವಾಗಬಹುದು. ಎರಡು ಪ್ಯಾನೆಲ್ ಎರಡು ಬೇರೆ ಟವರುಗಳ ಕಡೆಗೆ ಕಳಿಸುತ್ತಿವೆ ಅನ್ನಿ. ಆ ಎರಡು ಟವರುಗಳ ನಡುವೆ ವೇಗದ ಫೈಬರ್ ಇದ್ದರೆ ಒಬ್ಬನೇ ಶೆಡ್ಯೂಲರ್ ಇಬ್ಬರ ಪರವಾಗಿ ಒಂದೇ ಚೀಟಿ ಬರೆಯುತ್ತಾನೆ. ನಡುವಿನ ಲೈನು ನಿಧಾನ ಇದ್ದರೆ ಅವರವರ ಚೀಟಿ ಅವರವರೇ ಬರೆಯಬೇಕು. ಪಕ್ಕದವನು ಏನು ಬರೆದ ಅಂತ ಗೊತ್ತಾಗುವಷ್ಟರಲ್ಲಿ ಆ ಗಳಿಗೆ ಮುಗಿದಿರುತ್ತದೆ. ಎರಡು ಚೀಟಿ ಒಂದೇ ಸಮಯಕ್ಕೆ ಬಿದ್ದರೆ ಹಿಂದಿನ ಆವೃತ್ತಿಗಳಲ್ಲಿ ಅದು ತಪ್ಪು. 18ರಲ್ಲಿ, ಅಷ್ಟು ತಾಕತ್ತಿರುವ ಸಾಧನವಾದರೆ, ಎರಡನ್ನೂ ಒಟ್ಟಿಗೆ ಪಾಲಿಸಬಹುದು, ಒಂದೊಂದಕ್ಕೆ ಒಂದೊಂದು ಪ್ಯಾನೆಲ್.

ಸಮಯದ ಲೆಕ್ಕವೂ ಕೂಡಿ ಬರಬೇಕು. ರೇಡಿಯೊ ಅಲೆ ಒಂದು ಮೈಕ್ರೊಸೆಕೆಂಡ್‌ಗೆ 300 ಮೀಟರ್ ಹೋಗುತ್ತದೆ. ಮಿಲಿಮೀಟರ್ ಅಲೆಯ ಸಂಕೇತದಲ್ಲಿ ಸಮಯದ ಏರುಪೇರನ್ನು ತಾಳಿಕೊಳ್ಳಲು ಬಿಟ್ಟಿರುವ ಅಂಚು 0.59 ಮೈಕ್ರೊಸೆಕೆಂಡ್ ಮಾತ್ರ. ಹಾಗಾಗಿ ಎರಡು ಟವರುಗಳ ದೂರದಲ್ಲಿ ಸುಮಾರು 175 ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಒಂದಕ್ಕೆ ಹೊಂದಿಸಿ ಕಳಿಸಿದ್ದು ಇನ್ನೊಂದಕ್ಕೆ ಹೊತ್ತು ತಪ್ಪಿ ಮುಟ್ಟುತ್ತದೆ. ಅದಕ್ಕೇ 18ರಲ್ಲಿ ಬೇರೆ ಬೇರೆ ಚೀಟಿ ಬರೆಯುವ ಎರಡು ಟವರುಗಳಿಗೆ ಬೇರೆ ಬೇರೆ ಸಮಯ ತಿದ್ದುಪಡಿ ಇಟ್ಟುಕೊಳ್ಳಲು ಅವಕಾಶ ಕೊಟ್ಟರು.

ಪ್ರಶ್ನೆ: ಇಷ್ಟೊಂದು ಆಂಟೆನಾ ಅಂದರೆ ಭಯ ಆಗುತ್ತೆ. ಮಕ್ಕಳು ಫೋನು ಕಿವಿಗೇ ಅಂಟಿಸಿಕೊಂಡಿರುತ್ತಾರೆ. — ಗೃಹಿಣಿ, ಹುಬ್ಬಳ್ಳಿ

ಅಕ್ಕಾ, ಪ್ಯಾನೆಲ್ ಜಾಸ್ತಿ ಆದ ಮಾತ್ರಕ್ಕೆ ಒಟ್ಟು ಶಕ್ತಿಯ ಮಿತಿ ಜಾಸ್ತಿ ಆಗಲ್ಲ, ಮೇಲೆ ಹೇಳಿದೆನಲ್ಲ. ಮಾಮೂಲಿ ಬ್ಯಾಂಡುಗಳಿಗೆ ನಮ್ಮ ದೇಶದಲ್ಲಿ ಸಾರ್ (ಮೈ ಹೀರಿಕೊಳ್ಳುವ ರೇಡಿಯೊ ಶಕ್ತಿಯ ಅಳತೆ) ಮಿತಿ ಇದೆ, ಒಂದು ಗ್ರಾಂ ಅಂಗಾಂಶದ ಮೇಲೆ ಸರಾಸರಿ ಲೆಕ್ಕದಲ್ಲಿ ಕಿಲೋಗೆ 1.6 ವ್ಯಾಟ್. 2012ರ ಸೆಪ್ಟೆಂಬರ್‌ನಿಂದ ಹೊಸ ಮಾದರಿಯ ಫೋನುಗಳಿಗೆ ಇದೇ ನಿಯಮ. *#07# ಒತ್ತಿದರೆ ನಿಮ್ಮ ಫೋನಿನ ಅಂಕಿ ಕಾಣುತ್ತದೆ. ಮಿಲಿಮೀಟರ್ ಅಲೆಗಳು ಒಳಗೆ ಇಳಿಯುವುದು ಕಮ್ಮಿ, ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತವೆ. ಅವಕ್ಕೆ ಮೈಮೇಲೆ ಬೀಳುವ ಶಕ್ತಿಯ ದಟ್ಟಣೆಯ ಲೆಕ್ಕದಲ್ಲಿ ಬೇರೆ ಮಿತಿ.

ಈ ಮಿತಿಗೂ ಶೆಡ್ಯೂಲಿಂಗ್‌ಗೂ ನೇರ ಸಂಬಂಧ ಇದೆ. ಬೆರಳು ಪ್ಯಾನೆಲ್‌ಗೆ ಹತ್ತಿರ ಬಂದದ್ದು ಗೊತ್ತಾದರೆ ಫೋನು ತನ್ನ ಶಕ್ತಿಯನ್ನು ತಾನೇ ಇಳಿಸಿಕೊಳ್ಳಬೇಕು. ಇದು ಟವರಿಗೆ ಗೊತ್ತಾಗದಿದ್ದರೆ ಅದು ಹಳೆಯ ಲೆಕ್ಕದಲ್ಲೇ ದೊಡ್ಡ ದೊಡ್ಡ ಅಪ್ಪಣೆ ಕೊಡುತ್ತದೆ, ಫೋನು ಪಿಸುಗುಟ್ಟುತ್ತದೆ, ಸಂಪರ್ಕ ಕಡಿಯುತ್ತದೆ. 16ನೇ ಆವೃತ್ತಿಯಲ್ಲಿ "ಮೈ ಹತ್ತಿರ ಇದೆ, ಇಷ್ಟು ಇಳಿಸಿದ್ದೇನೆ" ಅಂತ ಫೋನು ವರದಿ ಮಾಡುವ ಏರ್ಪಾಡು ಬಂತು. 17ರಲ್ಲಿ ಯಾವ ಬೀಮ್‌ನಲ್ಲಿ ಎಷ್ಟು ಇಳಿಸಬೇಕಾಗಿದೆ ಅಂತ ಬಿಡಿಬಿಡಿಯಾಗಿ ಹೇಳಬಹುದು. ಆಗ ಟವರು ಬೆರಳಿಲ್ಲದ ಕಡೆಯ ಪ್ಯಾನೆಲ್‌ಗೆ ಕೆಲಸ ಕೊಡುತ್ತದೆ. ಮಕ್ಕಳ ಕಿವಿಯಿಂದ ಫೋನು ದೂರ ಇಡಿಸೋದು ಒಳ್ಳೆಯದೇ, ಆದರೆ ಅದಕ್ಕೆ ಬೇರೆ ಕಾರಣಗಳೇ ಸಾಕಷ್ಟಿವೆ ಅಲ್ವಾ.

ಪ್ರಶ್ನೆ: ಮಾಳಿಗೆ ಮೇಲೆ ವೈರ್‌ಲೆಸ್ ಇಂಟರ್‌ನೆಟ್ ಡಬ್ಬಿ ಹಾಕಿದ್ದಾರೆ. ಹಾಕಲು ಬಂದ ಹುಡುಗ ಅರ್ಧ ಗಂಟೆ ಅತ್ತಿತ್ತ ತಿರುಗಿಸುತ್ತಿದ್ದ. ಇದರಲ್ಲೂ ಪ್ಯಾನೆಲ್ ಇರುತ್ತಾ? — ಓದುಗರು, ಕಲಬುರಗಿ

ಇರುತ್ತದೆ, ಮತ್ತು ನಿಜ ಹೇಳಬೇಕೆಂದರೆ ಈ ತಂತ್ರದ ಸರಿಯಾದ ಮನೆ ನಿಮ್ಮ ಮಾಳಿಗೆಯೇ, ನನ್ನ ಜೇಬಲ್ಲ. 18ರಲ್ಲಿ ಎರಡು ಪ್ಯಾನೆಲ್ ಒಟ್ಟಿಗೆ ಕಳಿಸುವ ವಿಷಯ ಎತ್ತಿಕೊಂಡಾಗ 3ಜಿಪಿಪಿಯವರು ಕಣ್ಣ ಮುಂದೆ ಇಟ್ಟುಕೊಂಡಿದ್ದು ಇಂಥ ಮನೆಯ ಡಬ್ಬಿಗಳು, ವಾಹನಗಳು, ಕಾರ್ಖಾನೆಯ ಯಂತ್ರಗಳು. ಕಾರಣ ಸರಳ. ಡಬ್ಬಿಗೆ ಕರೆಂಟು ಗೋಡೆಯಿಂದ ಬರುತ್ತದೆ, ಬ್ಯಾಟರಿ ಚಿಂತೆ ಇಲ್ಲ. ಯಾರ ಕಿವಿಗೂ ಅಂಟಿಕೊಂಡಿಲ್ಲ. ಮಿಲಿಮೀಟರ್ ಬ್ಯಾಂಡಿನಲ್ಲಿ ಫೋನಿಗೆ ಒಟ್ಟು 23 ಡಿಬಿಎಂ ಮಿತಿಯಾದರೆ ಇಂಥ ಡಬ್ಬಿಗೆ ಅಂತಲೇ ಇರುವ ಶಕ್ತಿ ವರ್ಗದಲ್ಲಿ 35 ಡಿಬಿಎಂವರೆಗೆ, ಅಂದರೆ ಮೂರು ವ್ಯಾಟ್‌ಗಿಂತ ಸ್ವಲ್ಪ ಮೇಲೆ ಬಿಟ್ಟಿದ್ದಾರೆ. ಹದಿನಾರು ಪಟ್ಟು. ಅರ್ಧ ಮಾಡಿ ಹಂಚಿದರೂ ಕೈತುಂಬಾ ಉಳಿಯುತ್ತದೆ.

ನಿಮ್ಮ ಡಬ್ಬಿ 3.5ರಲ್ಲಿ ಓಡುತ್ತಿದೆಯೋ 26ರಲ್ಲೋ ನನಗೆ ಇಲ್ಲಿಂದ ಹೇಳಲಾಗದು, ಅದರ ಬೆನ್ನಿನ ಚೀಟಿಯಲ್ಲೋ ಆ್ಯಪ್‌ನಲ್ಲೋ ಬ್ಯಾಂಡ್ ಸಂಖ್ಯೆ ನೋಡಿ. ಎನ್78 ಇದ್ದರೆ ಮೊದಲನೆಯದು, ಎನ್258 ಇದ್ದರೆ ಎರಡನೆಯದು. ಹುಡುಗ ತಿರುಗಿಸುತ್ತಿದ್ದದ್ದು ಸರಿಯೇ. ಬೀಮ್ ಎಷ್ಟೇ ಜಾಣತನದಿಂದ ತಿರುಗಿದರೂ ಪ್ಯಾನೆಲ್‌ನ ಬೆನ್ನ ಹಿಂದಕ್ಕೆ ತಿರುಗದು. ಎದುರು ಮನೆಯವರು ಇನ್ನೊಂದು ಮಹಡಿ ಎಬ್ಬಿಸಿದರೆ ಅವನನ್ನು ಮತ್ತೆ ಕರೆಸಬೇಕಾದೀತು.

ಪ್ರಶ್ನೆ: ಅಮೆರಿಕದಲ್ಲಿ ಕೊಂಡ ನನ್ನ ಹಳೆಯ ಐಫೋನ್ 12ರ ಪಕ್ಕದಲ್ಲಿ ಮಾತ್ರೆ ಆಕಾರದ ಒಂದು ಕಿಟಕಿ ಇದೆ, ಊರಿನಲ್ಲಿ ತಮ್ಮ ಕೊಂಡ ಅದೇ ಫೋನಿನಲ್ಲಿ ಇಲ್ಲ. ಇದು ಪ್ಯಾನೆಲ್ಲಾ? — ಕನ್ನಡಿಗರು, ಡಲ್ಲಾಸ್

ಹೌದು. ಲೋಹದ ಚೌಕಟ್ಟು ಈ ಅಲೆಗಳನ್ನು ತಡೆಯುತ್ತದೆ, ಅದಕ್ಕೆ ಅಲ್ಲಿ ಕಿಟಕಿ ಕೊರೆದಿದ್ದಾರೆ. ಅಮೆರಿಕದಲ್ಲಿ ಮಾರಿದ ಮಾದರಿಗೆ ಮಾತ್ರ ಮಿಲಿಮೀಟರ್ ಬ್ಯಾಂಡ್ ಕೊಟ್ಟಿದ್ದರು. ವಿಡಿಯೊ ಅಪ್‌ಲೋಡ್ ಮಾಡುವಾಗ ಅದರ ಮೇಲೆ ಬೆರಳು ಇಡಬೇಡಿ, ಅಷ್ಟೇ.

ಪ್ರಶ್ನೆ: ಇದೆಲ್ಲ ಎಲ್ಲೋ ಹೊರಗೆ ನಡೆಯುವ ಕೆಲಸ, ನಮ್ಮವರು ಏನು ಮಾಡ್ತಿದ್ದಾರೆ? — ಓದುಗರು, ತುಮಕೂರು

ಅಷ್ಟು ಬೇಸರ ಬೇಡ. 3ಜಿಪಿಪಿಯನ್ನು ನಡೆಸುವ ಏಳು ಪಾಲುದಾರ ಸಂಸ್ಥೆಗಳಲ್ಲಿ ಭಾರತದ ಟೆಲಿಕಾಂ ಮಾನದಂಡ ಸಂಸ್ಥೆ ಟಿಎಸ್‌ಡಿಎಸ್‌ಐ ಒಂದು. 2025ರ ಆಗಸ್ಟ್ ಕೊನೆಯಲ್ಲಿ ರೇಡಿಯೊ ನಿಯಮ ಬರೆಯುವ ಗುಂಪುಗಳ ಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಐಐಟಿ ಮದ್ರಾಸ್ ಮುಂದಾಳತ್ವದಲ್ಲಿ ಕಟ್ಟಿ 2022ರ ಮೇ ತಿಂಗಳಲ್ಲಿ ಶುರುವಾದ 5ಜಿ ಟೆಸ್ಟ್‌ಬೆಡ್‌ನಲ್ಲಿ ಬೆಂಗಳೂರಿನ ಐಐಎಸ್‌ಸಿ ಕೂಡ ಪಾಲುದಾರ. ಬೇಸ್ ಸ್ಟೇಷನ್ ಸಾಫ್ಟ್‌ವೇರ್, ಮೋಡೆಮ್ ಸಾಫ್ಟ್‌ವೇರ್ ಬರೆಯುವವರು ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ದಿನಾ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾರೆ, ನಿಮಗೆ ಗೊತ್ತಿರೋಲ್ಲ.

ಪ್ರಶ್ನೆ: ಸರ್, ನಾನೇ ಮತ್ತೆ. ಪ್ರಾಜೆಕ್ಟ್‌ನಲ್ಲಿ ಏನು ಮಾಡಲಿ ಅಂತ ಹೇಳಲೇ ಇಲ್ಲ! — ಅದೇ ವಿದ್ಯಾರ್ಥಿನಿ, ದಾವಣಗೆರೆ

ಗೈಡ್ ಕೆಲಸ ನನ್ನಿಂದ ಮಾಡಿಸುವ ಹುನ್ನಾರ! ಇರಲಿ. ಮೂರು ಆಯ್ಕೆ ಇರುವ ಒಂದು ಚಿಕ್ಕ ಸಿಮ್ಯುಲೇಶನ್ ಕಟ್ಟಮ್ಮ: ಪ್ಯಾನೆಲ್ ಒಂದು, ಪ್ಯಾನೆಲ್ ಎರಡು, ಅಥವಾ ಎರಡೂ. ಎರಡೂ ಆರಿಸಿದಾಗ ಶಕ್ತಿ ಅರ್ಧ ಮಾಡೋದನ್ನು ಮರೀಬೇಡ, ತುಂಬಾ ಜನ ಎರಡೂ ಪ್ಯಾನೆಲ್‌ಗೆ ಪೂರ್ತಿ ಶಕ್ತಿ ಕೊಟ್ಟು "ಶೇಕಡಾ 90 ಸುಧಾರಣೆ" ಅಂತ ಗ್ರಾಫ್ ಹಾಕಿಬಿಡ್ತಾರೆ. ಸ್ಲಾಟ್ ಸ್ಲಾಟಿಗೂ ಮೂರರಲ್ಲಿ ಯಾವುದು ಜಾಸ್ತಿ ಡೇಟಾ ಸಾಗಿಸುತ್ತೋ ಅದನ್ನು ಆರಿಸು, ಹಲವು ಫೋನುಗಳಿದ್ದರೆ ಅದನ್ನು ಆ ಫೋನಿಗೆ ಇಷ್ಟು ಹೊತ್ತು ಸಿಕ್ಕ ಸರಾಸರಿಯಿಂದ ಭಾಗಿಸು. ಹಾಗೆ ಮಾಡದಿದ್ದರೆ ಟವರಿನ ಪಕ್ಕದವನೇ ಎಲ್ಲ ನುಂಗುತ್ತಾನೆ.

ಆಮೇಲೆ ಕೈ ಅಡ್ಡ ಬರುವುದನ್ನು ಸೇರಿಸು. ಯಾವಾಗಲೋ ಒಮ್ಮೆ ಒಂದು ಪ್ಯಾನೆಲ್‌ನ ಸಂಕೇತ ಥಟ್ಟನೆ 20 ಡೆಸಿಬಲ್ ಬೀಳಲಿ, ಅದು ಟವರಿಗೆ ತಿಳಿಯೋಕೆ ಒಂದಿಷ್ಟು ಸ್ಲಾಟ್ ತಡವಾಗಲಿ. ಆ ತಡವನ್ನು 4, 8, 16, 32 ಸ್ಲಾಟ್ ಅಂತ ಏರಿಸುತ್ತಾ ಹೋಗಿ ನೋಡು. ತಡ ಕಮ್ಮಿ ಇದ್ದಾಗ ಒಳ್ಳೆಯ ಪ್ಯಾನೆಲ್ ಆರಿಸಿ ಪೂರ್ತಿ ಶಕ್ತಿ ಕೊಡುವುದು ಗೆಲ್ಲಬೇಕು. ತಡ ಜಾಸ್ತಿ ಆದಂತೆ, ಎರಡರಲ್ಲೂ ಅದೇ ಡೇಟಾ ಕಳಿಸುವುದು ಒಂದು ಕಡೆ ಮೇಲುಗೈ ಆಗಬೇಕು. ಆ ತಿರುವು ಎಲ್ಲಿ ಬರುತ್ತದೆ ಅನ್ನೋದೇ ನಿನ್ನ ಫಲಿತಾಂಶ. ಸರಾಸರಿ ವೇಗವನ್ನಷ್ಟೇ ತೋರಿಸಬೇಡ, ನೂರರಲ್ಲಿ ಕೊನೆಯ ಐದು ಮಂದಿಗೆ ಎಷ್ಟು ಸಿಕ್ಕಿತು ಅಂತಲೂ ತೋರಿಸು. ವೈವಾದಲ್ಲಿ ಕೇಳೋದು ಅದನ್ನೇ.

ಪ್ರಶ್ನೆ: ಹೊಸ ಫೋನು ತಗೋಬೇಕು. ಮಲ್ಟಿ ಪ್ಯಾನೆಲ್ ಇರೋದೇ ತಗೊಳ್ಳಲಾ? — ಓದುಗರು, ಉಡುಪಿ

2022ರ ಹರಾಜಿನಲ್ಲಿ ನಮ್ಮಲ್ಲೂ 26 ಗಿಗಾಹರ್ಟ್ಸ್ ಮಾರಾಟ ಆಗಿದೆ. ಆದರೆ ನಿಮ್ಮ ಕೈಯ 5ಜಿ ಓಡುತ್ತಿರುವುದು ಬಹುತೇಕ ಅದಕ್ಕಿಂತ ಕೆಳಗಿನ ಬ್ಯಾಂಡುಗಳಲ್ಲಿ, ಅಲ್ಲಿ ಈ ಪ್ಯಾನೆಲ್‌ಗಳ ಲೆಕ್ಕವೇ ಬರುವುದಿಲ್ಲ. ಫೋನಿನ ವಿವರದಲ್ಲಿ ಎನ್258 ಇದೆಯಾ ನೋಡಿ. ಇಲ್ಲದಿದ್ದರೆ ಸುಮ್ನೆ ಬ್ಯಾಟರಿ, ಕ್ಯಾಮೆರಾ ನೋಡಿ ತಗೊಳ್ಳಿ.